ಕೆಮಿಸ್ಟ್ರಿ ಓದಿದ್ದು ಮೂರೇ ದಿನಕ್ಕೆ ಮರೆತುಹೋಗುತ್ತದೆ, ನೀವೆಲ್ಲ ಹೇಗೆ ನೆನಪಿಟ್ಟುಕೊಳ್ಳುತ್ತೀರಿ?

ಪಿಯು_ಪರದಾಟ
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು, ಪಿಸಿಎಂಬಿ, ಹಾಸನದ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಫಿಸಿಕ್ಸ್, ಮ್ಯಾಥ್ಸ್ ಹೇಗೋ ನಡೀತಿದೆ, ಬಯಾಲಜಿ ಇಷ್ಟ. ಕೆಮಿಸ್ಟ್ರಿ ಮಾತ್ರ ತಲೆಯಲ್ಲಿ ನಿಲ್ಲುತ್ತಿಲ್ಲ. ಭಾನುವಾರ ಕೂತು ಹ್ಯಾಲೋಆಲ್ಕೇನ್ ಪಾಠ ಪೂರ್ತಿ ಓದುತ್ತೇನೆ, ಹೈಲೈಟರ್‌ನಲ್ಲಿ ಗೆರೆ ಎಳೆಯುತ್ತೇನೆ, ಓದುವಾಗ ಎಲ್ಲ ಗೊತ್ತು ಅನಿಸುತ್ತದೆ. ಬುಧವಾರ ಟೆಸ್ಟ್‌ನಲ್ಲಿ ಫಿಂಕೆಲ್‌ಸ್ಟೈನ್ ಕ್ರಿಯೆ ಯಾವುದು, ಸ್ವಾರ್ಟ್ಸ್ ಕ್ರಿಯೆ ಯಾವುದು ಅಂತ ಕೇಳಿದರೆ ಪೂರ್ತಿ ಖಾಲಿ. ಫ್ರೆಂಡ್ಸ್ ಎಲ್ಲ "ಬೈಹಾರ್ಟ್ ಮಾಡು, ಬೇರೆ ದಾರಿ ಇಲ್ಲ" ಅಂತಾರೆ. ನಿಜವಾಗಲೂ ಬೇರೆ ದಾರಿ ಇಲ್ವಾ? ಬೋರ್ಡ್ ಮತ್ತು ಸಿಇಟಿ ಎರಡೂ ಬರೆಯಬೇಕು. ಮನೆಯಲ್ಲಿ ನೀಟ್ ಕೂಡ ಬರೆ ಅಂತಿದ್ದಾರೆ.

ಅರ್ಧ_ಲೋಟ_ಕಾಫಿ
ಮೊದಲು ಆ ಹೈಲೈಟರ್ ತಮ್ಮನಿಗೆ ಕೊಟ್ಟುಬಿಡು ತಂಗಿ. ಅವನಾದರೂ ಚಿತ್ರ ಬಿಡಿಸಲಿ.

ಬೆಳಗಾವಿ_ಬೆಂಜೀನ್
ಬೈಹಾರ್ಟ್ ಮಾಡದೆ ಕೆಮಿಸ್ಟ್ರಿ ಪಾಸಾದವರನ್ನು ನಾನಂತೂ ನೋಡಿಲ್ಲ. ಸುಮ್ನೆ ಇಲ್ಲಿ ದೊಡ್ಡ ದೊಡ್ಡ ಥಿಯರಿ ಹೇಳುವವರ ಮಾತು ಕೇಳಬೇಡ. ಬೆಳಿಗ್ಗೆ ಬೇಗ ಎದ್ದು ಜೋರಾಗಿ ಓದು, ಬರುತ್ತದೆ.

ಚಾಕ್‌ಪೀಸ್_ಮೇಷ್ಟ್ರು
ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಓದುವಾಗ ಎಲ್ಲ ಗೊತ್ತು ಅನಿಸುತ್ತದೆ ಅಂದೆಯಲ್ಲಮ್ಮ, ತೊಂದರೆ ಇರುವುದೇ ಅಲ್ಲಿ. ಪುಸ್ತಕ ಎದುರಿಗೆ ತೆರೆದಿದ್ದಾಗ ಎಲ್ಲರಿಗೂ ಎಲ್ಲವೂ ಗೊತ್ತು. ಪರೀಕ್ಷೆಯಲ್ಲಿ ಕೇಳುವುದು ಪುಸ್ತಕ ಮುಚ್ಚಿದ ಮೇಲೆ ಎಷ್ಟು ಉಳಿದಿದೆ ಅಂತ. ಆ ಕೆಲಸವನ್ನು ನೀನು ಮೊದಲ ಸಲ ಮಾಡುತ್ತಿರುವುದೇ ಟೆಸ್ಟ್ ಹಾಲ್‌ನಲ್ಲಿ.

ಇನ್ನೊಂದು, ಕೆಮಿಸ್ಟ್ರಿ ಅನ್ನುವುದು ಒಂದು ಸಬ್ಜೆಕ್ಟ್ ಅಲ್ಲ, ಮೂರು. ಫಿಸಿಕಲ್ ಭಾಗವನ್ನು ಲೆಕ್ಕದ ಹಾಗೆ ಪೆನ್ನು ಹಿಡಿದು ಮಾಡಬೇಕು. ಆರ್ಗ್ಯಾನಿಕ್‌ನಲ್ಲಿ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು. ಇನಾರ್ಗ್ಯಾನಿಕ್‌ನಲ್ಲಿ ಮಾತ್ರ ನಿಜವಾಗಿ ನೆನಪಿಡುವ ಭಾಗ ಜಾಸ್ತಿ. ಮೂರಕ್ಕೂ ಒಂದೇ ಮದ್ದು ಕುಡಿದರೆ ಆಗುವುದಿಲ್ಲ.

ನೀನು ಕೇಳಿದ ಎರಡನ್ನೇ ತೆಗೆದುಕೊ. ಫಿಂಕೆಲ್‌ಸ್ಟೈನ್‌ನಲ್ಲಿ ಆಲ್ಕೈಲ್ ಕ್ಲೋರೈಡ್ ಅಥವಾ ಬ್ರೋಮೈಡ್‌ಗೆ ಸೋಡಿಯಂ ಅಯೋಡೈಡ್ ಹಾಕುತ್ತಾರೆ, ಒಣ ಅಸಿಟೋನ್‌ನಲ್ಲಿ. ಅಸಿಟೋನೇ ಯಾಕೆ? ಸೋಡಿಯಂ ಅಯೋಡೈಡ್ ಅದರಲ್ಲಿ ಕರಗುತ್ತದೆ, ಹುಟ್ಟುವ ಸೋಡಿಯಂ ಕ್ಲೋರೈಡ್ ಕರಗದೆ ತಳಕ್ಕೆ ಕೂರುತ್ತದೆ. ಒಂದು ಉತ್ಪನ್ನ ಹೊರಗೆ ಹೋದರೆ ಕ್ರಿಯೆ ಮುಂದಕ್ಕೆ ಓಡುತ್ತದೆ, ಅದೇ ಲೆ ಶಾಟೆಲಿಯೆ ತತ್ವ, ಫಸ್ಟ್ ಪಿಯುನಲ್ಲೇ ಓದಿದ್ದೀಯ. ಸ್ವಾರ್ಟ್ಸ್‌ನಲ್ಲಿ ಬೇಕಿರುವುದು ಫ್ಲೋರೈಡ್, ಅದಕ್ಕೆ ಸಿಲ್ವರ್ ಫ್ಲೋರೈಡ್, ಆಂಟಿಮನಿ ಟ್ರೈಫ್ಲೋರೈಡ್ ಥರದ ಲೋಹದ ಫ್ಲೋರೈಡ್‌ಗಳು. ಈಗ ಹೇಳು, ಇದರಲ್ಲಿ ಬೈಹಾರ್ಟ್ ಮಾಡುವುದಕ್ಕೆ ಉಳಿದಿದ್ದು ಹೆಸರು ಮಾತ್ರ ಅಲ್ವಾ?

ಬೆಳಗಾವಿ_ಬೆಂಜೀನ್
ಆ ಹೆಸರೇ ತಾನೇ ಸರ್ ಮರೆತುಹೋಗುವುದು!

ಚಾಕ್‌ಪೀಸ್_ಮೇಷ್ಟ್ರು
ಅದು ನಿಜ. ಹೆಸರಿಗೆ ಬೈಹಾರ್ಟೇ ಬೇಕು, ಒಪ್ಪುತ್ತೇನೆ.

ನಿದ್ದೆಗೆಟ್ಟ_ಪಿಎಚ್‌ಡಿ
ಮೇಷ್ಟ್ರು ಹೇಳಿದ್ದಕ್ಕೆ ಅಧ್ಯಯನದ ಆಧಾರವೂ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿ, ಪಾಠ ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ಬರೆಯಿತು. 5 ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೊಟ್ಟಾಗ ಪೂರ್ತಿ ತಿರುಗುಮುರುಗು, ನೆನಪಿಸಿಕೊಂಡು ಬರೆದವರು ಮುಂದೆ. ಪರದಾಟ ಅವರ ಭಾನುವಾರ ಮತ್ತು ಬುಧವಾರದ ಕಥೆ ಇದೇ ಅಲ್ವಾ?

2013ರಲ್ಲಿ ಡನ್‌ಲಾಸ್ಕಿ ಮತ್ತು ಜೊತೆಯವರು ಓದುವ 10 ವಿಧಾನಗಳನ್ನು ತೂಗಿ ನೋಡಿದರು. ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳುವುದು, ಬಿಟ್ಟು ಬಿಟ್ಟು ಓದುವುದು, ಇವೆರಡು ಮೇಲಿದ್ದವು. ಗೆರೆ ಎಳೆಯುವುದು, ಮತ್ತೆ ಓದುವುದು ಕೆಳಗಿದ್ದವು.

ಮೂಗುತೂರಿಸುವವನು
ಆ 2006ರ ಪ್ರಯೋಗದಲ್ಲಿ ಕೊಟ್ಟ ಪಾಠ ಸೂರ್ಯನ ಬಗ್ಗೆ ಮತ್ತು ಸೀ ಆಟರ್ ಅನ್ನುವ ಪ್ರಾಣಿಯ ಬಗ್ಗೆ. ಚಿಕ್ಕ ಗದ್ಯಭಾಗ. ಅದನ್ನು ಎಲೆಕ್ಟ್ರೋಕೆಮಿಸ್ಟ್ರಿಗೆ ನೇರವಾಗಿ ಅಂಟಿಸಬೇಡಿ. ಬ್ಯಾಟರಿ ಥರದ ಕೋಶದ ವೋಲ್ಟೇಜ್ ಲೆಕ್ಕ ಹಾಕುವ ನರ್ನ್ಸ್ಟ್ ಸಮೀಕರಣವನ್ನು ಹತ್ತು ಸಲ ನೆನಪಿಸಿಕೊಂಡು ಬರೆದರೂ, ಅದರಲ್ಲಿ ಎನ್ ಅಂದರೆ ಎಷ್ಟು ಎಲೆಕ್ಟ್ರಾನ್ ಅಂತ ಎಣಿಸುವುದಕ್ಕೆ ಬರದಿದ್ದರೆ ಲೆಕ್ಕ ತಪ್ಪುತ್ತದೆ.

ನಿದ್ದೆಗೆಟ್ಟ_ಪಿಎಚ್‌ಡಿ
ಸರಿ, ಅಷ್ಟು ತಿದ್ದುಪಡಿ ಇರಲಿ. ಆದರೆ ಅರ್ಥ ಮಾಡಿಕೊಂಡ ಮೇಲೂ ನೆನಪಿಸಿಕೊಳ್ಳುವ ಅಭ್ಯಾಸ ಬೇಕಲ್ಲ? ಅರ್ಥವಾಗಿದ್ದು ಮರೆಯುವುದಿಲ್ಲ ಅನ್ನುವುದು ಮೇಷ್ಟ್ರುಗಳು ಹೇಳುವ ಸಿಹಿ ಸುಳ್ಳು.

ಚಾಕ್‌ಪೀಸ್_ಮೇಷ್ಟ್ರು
ನನಗೇ ಹೇಳಿದ ಹಾಗಿದೆ 😄

ಶಿರಸಿ_ಸುಬ್ಬಿ
ನಾನು ಹೋದ ವರ್ಷ ಪಿಯು ಮುಗಿಸಿದೆ. ನನಗೆ ಕೆಲಸ ಮಾಡಿದ್ದು ಖಾಲಿ ಹಾಳೆ. ಅಮೈನ್ ಪಾಠ ಅಂದುಕೊಳ್ಳಿ. ಪುಸ್ತಕ ಮುಚ್ಚಿ, ಹಾಳೆಯ ನಡುವೆ ಬೆಂಜೀನ್ ಡೈಅಜೋನಿಯಂ ಕ್ಲೋರೈಡ್ ಅಂತ ಬರೆದು ಸುತ್ತ ಗೆರೆ ಹಾಕುವುದು. ಎಡಗಡೆಯಿಂದ ಅನಿಲಿನ್ ಬರುತ್ತದೆ, ಬಾಣದ ಮೇಲೆ ಸೋಡಿಯಂ ನೈಟ್ರೈಟ್, ಹೈಡ್ರೋಕ್ಲೋರಿಕ್ ಆಮ್ಲ, 273ರಿಂದ 278 ಕೆಲ್ವಿನ್. ಆಮೇಲೆ ಸುತ್ತಲೂ ಬಾಣಗಳು. ಕ್ಯುಪ್ರಸ್ ಕ್ಲೋರೈಡ್ ಹಾಕಿದರೆ ಕ್ಲೋರೋಬೆಂಜೀನ್, ಕ್ಯುಪ್ರಸ್ ಬ್ರೋಮೈಡ್ ಹಾಕಿದರೆ ಬ್ರೋಮೋಬೆಂಜೀನ್, ಕ್ಯುಪ್ರಸ್ ಸಯನೈಡ್ ಹಾಕಿದರೆ ಬೆಂಜೋನೈಟ್ರೈಲ್, ಇವು ಸ್ಯಾಂಡ್‌ಮೇಯರ್ ಕ್ರಿಯೆಗಳು. ಅದೇ ಕೆಲಸಕ್ಕೆ ತಾಮ್ರದ ಪುಡಿ ಬಂದರೆ ಗ್ಯಾಟರ್‌ಮನ್. ನೀರು ಹಾಕಿ ಬಿಸಿ ಮಾಡಿದರೆ ಫೀನಾಲ್. ಫೀನಾಲ್ ಜೊತೆ ಸೇರಿಸಿದರೆ ಕಿತ್ತಳೆ ಬಣ್ಣ, ಅನಿಲಿನ್ ಜೊತೆ ಸೇರಿಸಿದರೆ ಹಳದಿ.

ಎಲ್ಲಿ ಕೈ ನಿಂತಿತೋ ಅಲ್ಲಿ ಖಾಲಿ ಬಿಡುವುದು. ಆಮೇಲೆ ಪುಸ್ತಕ ತೆರೆದು ಖಾಲಿ ಬಿಟ್ಟಿದ್ದನ್ನು ಮಾತ್ರ ಕೆಂಪು ಪೆನ್ನಿನಲ್ಲಿ ತುಂಬುವುದು. ಮಾರನೇ ದಿನ ಹೊಸ ಹಾಳೆ. ಮೂರನೇ ಹಾಳೆಗೆ ಬರುವಷ್ಟರಲ್ಲಿ ಕೆಂಪು ಕಡಿಮೆಯಾಗಿರುತ್ತದೆ. ಆಮೇಲೆ ವಾರ ಬಿಟ್ಟು ಇನ್ನೊಂದು ಸಲ. ನಮ್ಮಪ್ಪ "ಅಡಿಕೆ ಲೆಕ್ಕದ ಹಾಳೆಯೆಲ್ಲ ಖಾಲಿ ಮಾಡಿದೆಯಲ್ಲೇ" ಅಂತ ಬೈದಿದ್ದು ಬೇರೆ.

ಪಿಯು_ಪರದಾಟ
ಸುಬ್ಬಿ ಅಕ್ಕ, ಇದು ಇಷ್ಟ ಆಯಿತು. ಆದರೆ ಇಡೀ ಪಾಠಕ್ಕೆ ಇಂಥ ಹಾಳೆ ಎಷ್ಟು ಬೇಕಾಗುತ್ತದೆ? ಟೈಮ್ ಸಾಕಾಗುತ್ತಾ?

ಶಿರಸಿ_ಸುಬ್ಬಿ
ಮೊದಲ ಹಾಳೆಗೆ ಟೈಮ್ ಹಿಡಿಯುತ್ತದೆ ಪುಟ್ಟಿ, ಆಮೇಲೆ ಬೇಗ ಆಗುತ್ತದೆ. ಇದಕ್ಕಿಂತ ಇಡೀ ಪಾಠ ಒಂದೇ ಸಲಕ್ಕೆ ಮುಗಿಸುವ ಆ ಎಂಟು ಗಂಟೆಯ ಒನ್ ಶಾಟ್ ವಿಡಿಯೋ ಒಂದೂವರೆ ಸ್ಪೀಡ್‌ನಲ್ಲಿ ನೋಡುವುದು ಜಾಸ್ತಿ ದಂಡ.

ಬೆಳಗಾವಿ_ಬೆಂಜೀನ್
ವಿಡಿಯೋಗೆ ಬೈಯಬೇಡಿ. ನಮ್ಮೂರಿನಲ್ಲಿ ಟ್ಯೂಷನ್ ಇಲ್ಲ, ಕಾಲೇಜಿನಲ್ಲಿ ಅರ್ಧ ವರ್ಷ ಲೆಕ್ಚರರ್ ಇರಲಿಲ್ಲ. ಕೋಆರ್ಡಿನೇಷನ್ ಕಾಂಪೌಂಡ್ಸ್ ಪಾಠ ನನಗೆ ಅರ್ಥವಾಗಿದ್ದೇ ವಿಡಿಯೋದಿಂದ.

ಶಿರಸಿ_ಸುಬ್ಬಿ
ಅದು ಒಪ್ಪುವ ಮಾತು. ನೋಡುವುದು ತಪ್ಪಲ್ಲ, ನೋಡಿ ಪೆನ್ನು ಮುಟ್ಟದೆ ಮಲಗುವುದು ತಪ್ಪು ಅಂದೆ.

ರೀಲ್ಸ್_ರಾಜ
ನಿಮೋನಿಕ್, ಅಂದರೆ ನೆನಪಿಡುವುದಕ್ಕೆ ಕಟ್ಟುವ ಸಾಲು, ಅದರ ಬಗ್ಗೆ ಯಾರೂ ಹೇಳಲಿಲ್ಲ! ಪೀರಿಯಾಡಿಕ್ ಟೇಬಲ್‌ನ ಎರಡನೇ ಗುಂಪಿಗೆ ಹಿಂದಿಯಲ್ಲಿ "ಬೇಟಾ ಮಾಂಗೇ ಕಾರ್ ಸ್ಕೂಟರ್ ಬಾಪ್ ರಾಜಿ" ಅಂತ ಇದೆ. ನಾನು ಕನ್ನಡದ್ದು ಮಾಡಿದ್ದೇನೆ: "ಬೇಗ ಮಂಗಣ್ಣ ಕಾಫಿ ಸುರಿದು ಬಾರೋ ರಾಜ". ಬೆರಿಲಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಸ್ಟ್ರಾಂಷಿಯಂ, ಬೇರಿಯಂ, ರೇಡಿಯಂ. ಕಾಪಿರೈಟ್ ನನ್ನದು.

ಅರ್ಧ_ಲೋಟ_ಕಾಫಿ
ಕಾಫಿ ಸುರಿಯುವುದು ಮಹಾಪಾಪ.

ಮೂಗುತೂರಿಸುವವನು
ಮಂಗಣ್ಣ ಚೆನ್ನಾಗಿದ್ದಾನೆ. ಆದರೆ ಅವನು ಕ್ರಮ ಮಾತ್ರ ಹೇಳುತ್ತಾನೆ. ಕೆಳಗೆ ಹೋದ ಹಾಗೆ ಪರಮಾಣು ಯಾಕೆ ದೊಡ್ಡದಾಗುತ್ತದೆ, ಅಯನೀಕರಣ ಶಕ್ತಿ ಯಾಕೆ ಕಡಿಮೆಯಾಗುತ್ತದೆ ಅಂತ ಹೇಳುವುದಿಲ್ಲ. ಸಿಇಟಿಯಲ್ಲಿ ಕೇಳುವುದು ಎರಡನೆಯದು.

ರೀಲ್ಸ್_ರಾಜ
ಕ್ರಮವೇ ಗೊತ್ತಿಲ್ಲದಿದ್ದರೆ ಕೆಳಗೆ ಯಾರು, ಮೇಲೆ ಯಾರು ಅಂತ ಹೇಗೆ ಹೇಳುತ್ತೀರಿ ಸ್ವಾಮಿ?

ಚಾಕ್‌ಪೀಸ್_ಮೇಷ್ಟ್ರು
ಇಬ್ಬರೂ ಸರಿ. ಪಟ್ಟಿ ಇರುವ ಕಡೆ ಇಂಥ ಸಾಲು ಉಪಯೋಗ. ಕಾರಣ ಇರುವ ಕಡೆ ಬೇಡ. ಅಲ್ಡಾಲ್ ಕ್ರಿಯೆ ಯಾವಾಗ, ಕ್ಯಾನಿಜಾರೊ ಕ್ರಿಯೆ ಯಾವಾಗ ಅನ್ನುವುದಕ್ಕೂ ಹಾಡು ಕಟ್ಟುವ ಮಕ್ಕಳಿದ್ದಾರೆ. ಅಲ್ಲಿ ನೋಡಬೇಕಾಗಿದ್ದು ಒಂದೇ, ಆಲ್ಫಾ ಹೈಡ್ರೋಜನ್, ಅಂದರೆ ಕಾರ್ಬೊನಿಲ್ ಗುಂಪಿನ ಪಕ್ಕದ ಕಾರ್ಬನ್ ಮೇಲಿನ ಹೈಡ್ರೋಜನ್, ಇದೆಯಾ ಇಲ್ಲವಾ. ಅಸಿಟಾಲ್ಡಿಹೈಡ್‌ನಲ್ಲಿ ಇದೆ, ಅಲ್ಡಾಲ್. ಫಾರ್ಮಾಲ್ಡಿಹೈಡ್, ಬೆಂಜಾಲ್ಡಿಹೈಡ್ ಎರಡರಲ್ಲೂ ಇಲ್ಲ, ಗಾಢ ಕ್ಷಾರ ಹಾಕಿದರೆ ಕ್ಯಾನಿಜಾರೊ.

ರೀಲ್ಸ್_ರಾಜ
ಮತ್ತೆ ಕೀಟೋನ್‌ಗೆ ಅಲ್ಡಾಲ್ ಆಗುವುದಿಲ್ಲ, ಆಲ್ಡಿಹೈಡ್‌ಗೆ ಮಾತ್ರ. ಅದನ್ನೂ ಸೇರಿಸಿ.

ಶಿರಸಿ_ಸುಬ್ಬಿ
ಆಗುತ್ತದೆ ರಾಜ. ಅಸಿಟೋನ್‌ಗೆ ಬೇರಿಯಂ ಹೈಡ್ರಾಕ್ಸೈಡ್ ಹಾಕಿದರೆ ಕೀಟಾಲ್ ಬರುತ್ತದೆ, ಎನ್‌ಸಿಇಆರ್‌ಟಿಯಲ್ಲೇ ಇದೆ. ಅಸಿಟೋನ್‌ನಲ್ಲಿ ಆಲ್ಫಾ ಹೈಡ್ರೋಜನ್ ಆರಿವೆ ತಾನೇ.

ರೀಲ್ಸ್_ರಾಜ
ಮಂಗಣ್ಣ ವಾಪಸ್ ಮರ ಹತ್ತಿದ 🐒

ಲೆಕ್ಕದ_ಲಕ್ಷ್ಮಿ
ಫಿಸಿಕಲ್ ಕೆಮಿಸ್ಟ್ರಿ ಬಗ್ಗೆ ಒಂದು ಮಾತು. ಫಾರ್ಮುಲಾ ಶೀಟ್ ಮಾಡಿ ಗೋಡೆಗೆ ಅಂಟಿಸುವವರು ಜಾಸ್ತಿ, ಅದರಿಂದ ಗೋಡೆ ಪಾಸಾಗುತ್ತದೆ ಅಷ್ಟೇ. ಒಂದು ಉದಾಹರಣೆ ಕೊಡುತ್ತೇನೆ. ಪ್ರಥಮ ದರ್ಜೆ ಕ್ರಿಯೆಯಲ್ಲಿ 99.9% ಮುಗಿಯುವುದಕ್ಕೆ ಅರ್ಧಾಯುವಿನ 10 ಪಟ್ಟು ಸಮಯ ಬೇಕು ಅಂತ ಸಾಧಿಸಿ, ಇದು ಬೋರ್ಡ್‌ನ ಹಳೇ ಗಿರಾಕಿ. ಬೋರ್ಡ್‌ಗೆ ಲಾಗ್ ಹಾಕಿ ಪೂರ್ತಿ ಬರೆಯಲೇಬೇಕು, ಅಂಕ ಅದಕ್ಕೇ. ಆದರೆ ಉತ್ತರ ಸರಿಯೋ ಇಲ್ಲವೋ ಅಂತ ನೋಡುವುದಕ್ಕೆ ಬಾಯಲ್ಲೇ ಆಗುತ್ತದೆ. 99.9% ಮುಗಿದರೆ ಉಳಿಯುವುದು ಸಾವಿರದಲ್ಲಿ ಒಂದು. ಪ್ರತಿ ಅರ್ಧಾಯುವಿಗೂ ಅರ್ಧ ಆಗುತ್ತಾ ಹೋದರೆ, ಎರಡನ್ನು ಹತ್ತು ಸಲ ಗುಣಿಸಿದರೆ 1024. ಹತ್ತಿರ ಹತ್ತಿರ ಸಾವಿರ. ಮುಗೀತು.

ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಈ ಥರ ಬಾಯಿಲೆಕ್ಕ ಅಲ್ಲಿ ಕೈ ಹಿಡಿಯುತ್ತದೆ. ಲಾಗ್ 2 ಅಂದರೆ 0.3010, ಲಾಗ್ 3 ಅಂದರೆ 0.4771, ಇವೆರಡು ಬಾಯಿಗೆ ಬಂದರೆ ಲಾಗ್ 4, 6, 8, 9 ಎಲ್ಲ ತಾವಾಗಿಯೇ ಬರುತ್ತವೆ.

ಮೈಸೂರು_ಮೋಲ್
ಲಕ್ಷ್ಮಿ ಮೇಡಂ, ಲಾಗ್ 5 ಬಿಟ್ಟಿರಿ. 1ರಿಂದ 0.3010 ಕಳೆದರೆ ಅದೂ ಬಂತು, 0.6990.

ಲೆಕ್ಕದ_ಲಕ್ಷ್ಮಿ
ಹೌದು ಹೌದು, ಅದನ್ನೂ ಹಾಕಿಕೊಳ್ಳಿ.

ಬ್ಯುರೆಟ್_ಭಟ್ಟ
ಯಾರೂ ಲ್ಯಾಬ್ ಹೆಸರೇ ಎತ್ತುತ್ತಿಲ್ಲವಲ್ಲ. ಥಿಯರಿ 70, ಪ್ರಾಕ್ಟಿಕಲ್ 30. ಆ 30 ಬಿಟ್ಟಿ ಅಂಕ ಅಂದುಕೊಂಡು ರೆಕಾರ್ಡ್ ಕಾಪಿ ಹೊಡೆದು ಕೂರುತ್ತಾರೆ. ಲ್ಯಾಬ್‌ನಲ್ಲಿ ಕಣ್ಣಿಟ್ಟು ನೋಡಿದ್ದನ್ನು ಮರೆಯುವುದು ಕಷ್ಟ.

ಪರ್ಮ್ಯಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ ಮಾಡಿದ್ದೀರಲ್ಲ. ಫ್ಲಾಸ್ಕ್ ಬಿಸಿ ಮಾಡಿ ತಂದು ಬ್ಯುರೆಟ್ ಕೆಳಗೆ ಇಟ್ಟು ಮೊದಲ ಹನಿ ಬಿಟ್ಟರೆ ಗುಲಾಬಿ ಬಣ್ಣ ಹಾಗೇ ನಿಂತುಬಿಡುತ್ತದೆ. ಅಯ್ಯೋ ಎಂಡ್ ಪಾಯಿಂಟ್ (ಕ್ರಿಯೆ ಮುಗಿಯುವ ಹಂತ) ಬಂದೇಬಿಡ್ತಾ ಅಂತ ಗಾಬರಿ. ಸ್ವಲ್ಪ ಅಲ್ಲಾಡಿಸುತ್ತಾ ಕಾಯಬೇಕು, ಬಣ್ಣ ಹೋಗುತ್ತದೆ. ಎರಡನೇ ಹನಿ ಬೇಗ ಹೋಗುತ್ತದೆ. ಆಮೇಲಾಮೇಲೆ ಬಿದ್ದ ಕೂಡಲೇ ಮಾಯ. ಯಾಕೆ? ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ವೇಗವರ್ಧಕ. ತಾನೇ ಹುಟ್ಟಿ ತಾನೇ ಓಡಿಸುತ್ತದೆ, ಆಟೋಕ್ಯಾಟಲಿಸಿಸ್. ಇದನ್ನು ಕೈಯಾರೆ ನೋಡಿದವನಿಗೆ ಆ ಪದ ಬೈಹಾರ್ಟ್ ಮಾಡಿಸಬೇಕಾಗಿಲ್ಲ. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯುತ್ತದೆ, ಐದು ಎಲೆಕ್ಟ್ರಾನ್, ಕಡು ನೇರಳೆ ಹೋಗಿ ಬಣ್ಣವೇ ಇಲ್ಲ. ಡಿ-ಬ್ಲಾಕ್ ಪಾಠದ ಕಾಲುಭಾಗ ಆ ಫ್ಲಾಸ್ಕ್ ಒಳಗಿದೆ.

ಕರಾವಳಿ_ಕ್ಲೋರೈಡ್
ಕೊಟ್ಟ ಲವಣದಲ್ಲಿ ಏನಿದೆ ಅಂತ ಪತ್ತೆ ಹಚ್ಚುವ ಸಾಲ್ಟ್ ಅನಾಲಿಸಿಸ್ ಕೂಡ ಹಾಗೇ. ನೈಟ್ರೇಟ್‌ನ ಕಂದು ಉಂಗುರ ಒಂದು ಸಲ ಸರಿಯಾಗಿ ಬಂದರೆ ಸಾಯುವವರೆಗೆ ನೆನಪಿರುತ್ತದೆ. ಟೆಸ್ಟ್ ಟ್ಯೂಬ್ ಓರೆ ಹಿಡಿದು ಸಲ್ಫ್ಯೂರಿಕ್ ಆಮ್ಲ ಗೋಡೆಗುಂಟ ಇಳಿಸಬೇಕು. ಧಡಕ್ಕನೆ ಸುರಿದರೆ ಉಂಗುರವೂ ಇಲ್ಲ, ಮದುವೆಯೂ ಇಲ್ಲ.

ಇನ್ನು ನಮ್ಮ ಲ್ಯಾಬ್‌ನಲ್ಲಿ ಸಿಲ್ವರ್ ನೈಟ್ರೇಟ್ ಬೆರಳಿಗೆ ಬಿದ್ದು ಮಾರನೇ ದಿನ ಕಪ್ಪು ಕಲೆ. ಮನೆಯಲ್ಲಿ ಅಜ್ಜಿ, "ಇಷ್ಟು ಚಿಕ್ಕವನಿಗೂ ವೋಟು ಹಾಕಿಸಿದರಾ" ಅಂದರು.

ಮೈಸೂರು_ಮೋಲ್
ಅಜ್ಜಿ ಕೆಮಿಸ್ಟ್ರಿ ಪ್ರಕಾರ ಪೂರ್ತಿ ಸರಿ! ವೋಟಿನ ಶಾಯಿಯಲ್ಲೂ ಇರುವುದು ಸಿಲ್ವರ್ ನೈಟ್ರೇಟೇ. ಅದು ತಯಾರಾಗುವುದು ನಮ್ಮ ಮೈಸೂರಿನಲ್ಲಿ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಪೇಂಟ್ಸ್ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ನಿಮ್ಮ ಕ್ಲೋರೈಡ್ ಟೆಸ್ಟ್‌ನಲ್ಲಿ ಬರುವ ಮೊಸರಿನಂಥ ಬಿಳಿ ಒತ್ತರವೂ (ಪ್ರೆಸಿಪಿಟೇಟ್) ಅದೇ, ಅಮೋನಿಯಾ ಹಾಕಿದರೆ ಕರಗುತ್ತದೆ.

ಅರ್ಧ_ಲೋಟ_ಕಾಫಿ
ಹಾಗಾದರೆ ವೋಟು ಹಾಕಿ ಬಂದು ಬೆರಳಿಗೆ ಅಮೋನಿಯಾ... 🤔

ಮೈಸೂರು_ಮೋಲ್
ಹೋಗುವುದಿಲ್ಲ. ಕಪ್ಪಾದ ಮೇಲೆ ಅದು ಕ್ಲೋರೈಡ್ ಅಲ್ಲ, ಬೆಳ್ಳಿಯ ಕಣ. ಕೆಟ್ಟ ಐಡಿಯಾ ಬಿಡಿ.

ಮೂಗುತೂರಿಸುವವನು
ಪ್ರಶ್ನೆ ಕೇಳಿದ ಹುಡುಗಿ ಎಲ್ಲಿ, ನೀವೆಲ್ಲ ಎಲ್ಲಿ. ವಾಪಸ್ ಬನ್ನಿ.

ಕಾರ್ಡ್_ಕಲ್ಯಾಣಿ
ಇನಾರ್ಗ್ಯಾನಿಕ್‌ಗೆ ನಾನು ಆಂಕಿ ಅನ್ನುವ ಆ್ಯಪ್ ಬಳಸುತ್ತೇನೆ. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ. ಗೊತ್ತಿದ್ದ ಕಾರ್ಡ್ ತಡವಾಗಿ ತೋರಿಸುತ್ತದೆ, ತಪ್ಪಿದ್ದನ್ನು ಬೇಗ ತೋರಿಸುತ್ತದೆ. ಆದರೆ "ಕೋಆರ್ಡಿನೇಷನ್ ಕಾಂಪೌಂಡ್ಸ್ ವಿವರಿಸಿ" ಅಂತ ಕಾರ್ಡ್ ಮಾಡಿದರೆ ಉಪಯೋಗವಿಲ್ಲ. ಒಂದು ಕಾರ್ಡಿಗೆ ಒಂದೇ ಚಿಕ್ಕ ಪ್ರಶ್ನೆ. ಮತ್ತು ಒಂದೇ ಥರ ಕಾಣುವವನ್ನು ಒಟ್ಟಿಗೆ ಹಾಕಬೇಕು. ನಿಕ್ಕಲ್ ಜೊತೆ ನಾಲ್ಕು ಸಯನೈಡ್ ಇದ್ದರೆ ಆಕಾರ? ಚಪ್ಪಟೆ ಚೌಕ, ಅಯಸ್ಕಾಂತ ಎಳೆಯುವುದಿಲ್ಲ. ನಾಲ್ಕು ಕ್ಲೋರೈಡ್ ಇದ್ದರೆ? ಟೆಟ್ರಾಹೆಡ್ರಲ್, ಎಳೆಯುತ್ತದೆ. ನಾಲ್ಕು ಕಾರ್ಬೊನಿಲ್ ಇದ್ದರೆ? ಟೆಟ್ರಾಹೆಡ್ರಲ್ಲೇ, ಆದರೆ ಎಳೆಯುವುದಿಲ್ಲ. ಮೂರನ್ನೂ ಅಕ್ಕಪಕ್ಕ ಇಟ್ಟಾಗಲೇ ಯಾಕೆ ಅಂತ ತಲೆ ಓಡುವುದು.

ಬೆಳಗಾವಿ_ಬೆಂಜೀನ್
ಫೋನ್ ಕೈಗೆ ಬಂದರೆ ಆಂಕಿಗೆ ಹೋಗುವ ಬದಲು ಇನ್‌ಸ್ಟಾಗೆ ಹೋಗುತ್ತೇನೆ ನಾನು. ಹಳೇ ಮದುವೆ ಕರೆಯೋಲೆ ಕತ್ತರಿಸಿ ಕಾರ್ಡ್ ಮಾಡಿಕೊಂಡೆ. ಹಿಂಭಾಗ ಖಾಲಿ ಇರುತ್ತದೆ, ದಪ್ಪನೂ ಇರುತ್ತದೆ.

ಕಾರ್ಡ್_ಕಲ್ಯಾಣಿ
ಬೈಹಾರ್ಟ್ ಬಿಟ್ಟರೆ ಬೇರೆ ದಾರಿ ಇಲ್ಲ ಅಂದವರು ನೀವೇ ಅಲ್ವಾ? 😏

ಬೆಳಗಾವಿ_ಬೆಂಜೀನ್
ಇದೂ ಬೈಹಾರ್ಟೇ ರೀ, ಕಾರ್ಡಿನ ಮೇಲೆ.

ಪಿಯು_ಪರದಾಟ
ನಾನು ಇಲ್ಲೇ ಇದ್ದೇನೆ, ಎಲ್ಲ ಓದುತ್ತಿದ್ದೇನೆ. ಎರಡು ಡೌಟ್. ಒಂದು, ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾ ಓದುವುದಕ್ಕೇ ತುಂಬಾ ಹೊತ್ತು ಬೇಕು ನನಗೆ. ಎರಡು, ಸೀನಿಯರ್ ಅಕ್ಕ ಕೊಟ್ಟ ನೋಟ್ಸ್‌ನಲ್ಲಿ ಸಾಲಿಡ್ ಸ್ಟೇಟ್, ಪಾಲಿಮರ್ ಎಲ್ಲ ಇದೆ. ಅದನ್ನೂ ಓದಬೇಕಾ?

ಚಾಕ್‌ಪೀಸ್_ಮೇಷ್ಟ್ರು
ಎರಡನೆಯದು ಸುಲಭ. 2022ರಲ್ಲಿ ಎನ್‌ಸಿಇಆರ್‌ಟಿ ಪಾಠ ಕಡಿತ ಮಾಡಿದಾಗ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ ಎಲ್ಲ ಹೋದವು. ಈಗಿನ ಪುಸ್ತಕದಲ್ಲಿ ಉಳಿದಿರುವುದು 10 ಪಾಠ. ಆದರೆ ನೀಟ್ ಬರೆಯುವುದಾದರೆ ಎಚ್ಚರ, 12ನೇ ಕ್ಲಾಸಿನ ಪುಸ್ತಕದಿಂದ ಹೋದ ಪಿ-ಬ್ಲಾಕ್ ನೀಟ್ ಸಿಲಬಸ್‌ನಲ್ಲಿ ಉಳಿದಿದೆ. ಹಾಗಾಗಿ ಅಕ್ಕನ ನೋಟ್ಸ್ ರದ್ದಿಗೆ ಹಾಕಬೇಡ, ಆ ಪಾಠ ಇಟ್ಟುಕೊ. ಮತ್ತೆ ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ, ಸಿಇಟಿಯಲ್ಲಿ ಹೋಗುವುದಿಲ್ಲ. ಸಿಇಟಿಯಲ್ಲಿ ಒಂದನ್ನೂ ಖಾಲಿ ಬಿಡಬಾರದು.

ಕರಾವಳಿ_ಕ್ಲೋರೈಡ್
ಮೊದಲನೆಯದಕ್ಕೆ ನಾನು ಹೇಳುತ್ತೇನೆ, ನನ್ನದೂ ಕನ್ನಡ ಮೀಡಿಯಂ. ಪ್ಯಾರಾ ಓದಿ, ಅದನ್ನು ಕನ್ನಡದಲ್ಲಿ ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮ ಸೊಪ್ಪು ಬಿಡಿಸುತ್ತಾ "ಅದು ಯಾಕೆ ಹಾಗಾಗುತ್ತದೆ?" ಅಂತ ಕೇಳಿದರೆ ಅರ್ಧ ಕಡೆ ನನಗೇ ಗೊತ್ತಿರುತ್ತಿರಲಿಲ್ಲ. ಅರ್ಥವಾಗುವುದು ಕನ್ನಡದಲ್ಲಿ ಆಗಲಿ. ಆದರೆ ಹೇಳಿದ ಮೇಲೆ ಉತ್ತರವನ್ನು ಇಂಗ್ಲಿಷಿನಲ್ಲಿ ಮೂರು ಸಾಲು ಬರೆಯಲೇಬೇಕು, ಇಲ್ಲದಿದ್ದರೆ ಪರೀಕ್ಷೆಯಲ್ಲಿ ವಾಕ್ಯ ಹುಡುಕುತ್ತಾ ಕೂರುತ್ತೀಯ. ಮೊದಲ ಎರಡು ತಿಂಗಳು ನಿಧಾನ ಅನಿಸುತ್ತದೆ, ಆಮೇಲೆ ಅದೇ ನೂರಿನ್ನೂರು ಪದ ತಿರುಗಿ ತಿರುಗಿ ಬರುತ್ತವೆ.

ನಿದ್ದೆಗೆಟ್ಟ_ಪಿಎಚ್‌ಡಿ
ಮತ್ತೆ ನಿದ್ದೆ ಮಾಡಿ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದಕ್ಕೆ ನಿದ್ದೆ ಬೇಕು.

ಅರ್ಧ_ಲೋಟ_ಕಾಫಿ
ಯಾರು ಹೇಳುತ್ತಿದ್ದಾರೆ ನೋಡಿ, ಹೆಸರು ನಿದ್ದೆಗೆಟ್ಟ.

ಪಿಯು_ಪರದಾಟ
ಸುಬ್ಬಿ ಅಕ್ಕ ಹೇಳಿದ ಹಾಗೆ ಪುಸ್ತಕ ಮುಚ್ಚಿ ಡೈಅಜೋನಿಯಂ ಹಾಳೆ ಬರೆದೆ. ಸ್ಯಾಂಡ್‌ಮೇಯರ್ ಮೂರೂ ಬಂತು, ಫೀನಾಲ್ ಬಂತು, ಬಣ್ಣ ಎರಡೂ ಬಂತು. ಹೈಪೋಫಾಸ್ಫರಸ್ ಆಮ್ಲ ಹಾಕಿದರೆ ಬೆಂಜೀನ್ ಅಂತಲೂ ಬರೆದೆ. ಅಯೋಡೋಬೆಂಜೀನ್‌ಗೆ ಕ್ಯುಪ್ರಸ್ ಅಯೋಡೈಡ್ ಅಂತ ಹಾಕಿದ್ದೇನೆ, ಫ್ಲೋರೋಬೆಂಜೀನ್ ಖಾಲಿ ಬಿಟ್ಟೆ. ಪುಸ್ತಕ ಇನ್ನೂ ತೆರೆದಿಲ್ಲ.

ಶಿರಸಿ_ಸುಬ್ಬಿ
ಮೊದಲನೇ ಸಲಕ್ಕೆ ಜೋರಾಗಿದೆ! ಅಯೋಡಿನ್‌ಗೆ ತಾಮ್ರ ಬೇಡ, ಪೊಟ್ಯಾಸಿಯಂ ಅಯೋಡೈಡ್ ಜೊತೆ ಅಲ್ಲಾಡಿಸಿದರೆ ಸಾಕು. ಫ್ಲೋರೋಬೆಂಜೀನ್ ನಾನು ಹೇಳುವುದಿಲ್ಲ, ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ಬರೆದುಕೊ.

ರೀಲ್ಸ್_ರಾಜ
ಫ್ಲೋರೋಬೊರಿಕ್ ಆಮ್ಲ, ಆಮೇಲೆ ಬಿಸಿ!

ಶಿರಸಿ_ಸುಬ್ಬಿ
ಥೂ ರಾಜ.